ಪಂಚಮಿಗೂ ಖಾಲಿಯಾಗದ ಡ್ಯೂಟಿ ಶೀಟು: ಜೋಡಿ ಹಾಕಿದ ನನ್ನ ಅನುಭವ

ರೋಗಿಗಳನ್ನು ನೋಡಿಕೊಳ್ಳೋಕೆ ಮನೆಮನೆಗೆ ಸ್ಟಾಫ್ ಕಳಿಸೋ ಬೆಂಗಳೂರಿನ ಹೋಮ್ ನರ್ಸಿಂಗ್ ಬ್ಯೂರೋಗಳಲ್ಲಿ ಕೋಆರ್ಡಿನೇಟರ್ ಕುರ್ಚಿಯಲ್ಲಿ ಕೂತವರಿಗೆ ನಾಗರ ಪಂಚಮಿ ಬಂತೆಂದರೆ ಎದೆ ಢವಢವ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ತವರಿಗೆ ಹೊರಟರೆ ತಡೆಯೋರ್ಯಾರು? ನಾಲ್ಕು ದಿನ ಅಂತ ಹೋದವರು ತಿಂಗಳಿಗೆ ಬಂದರೆ ಪುಣ್ಯ. ಕಳೆದ ಪಂಚಮಿಗೆ ನನ್ನ ಶೀಟಿನಲ್ಲಿ ಮೂವತ್ತು ಚಿಲ್ಲರೆ 24 ಗಂಟೆ ಕೇಸುಗಳಿದ್ದವು (ಸ್ಟಾಫ್ ರೋಗಿಯ ಮನೆಯಲ್ಲೇ ಇರಬೇಕಾದವು), ಖಾಲಿ ಬಿದ್ದದ್ದು ಎರಡೋ ಮೂರೋ. ಅದೃಷ್ಟ ಅಂತಾರೆ ನಮ್ಮ ಮಾಲೀಕರು. ಅಂದುಕೊಳ್ಳಲಿ.

ಮೊದಲು ಮಾಡಿದ್ದೆಲ್ಲ ನೀರಿಗೆ ಹೋಯ್ತು. ಮೊದಲ ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳೋದು ಈ ಲೈನಿನ ಹಳೇ ಚಾಳಿ. ಬಿಡುವವಳು ಹೇಗೂ ಬಿಡ್ತಾಳೆ, ಆಮೇಲೆ ಅವಳ ಮಾವ ಆಫೀಸಿನ ಬಾಗಿಲಲ್ಲಿ ನಿಂತು ರಂಪ ಮಾಡ್ತಾನೆ. ಇರಲಿ ಅಂತ ಮೂರ್ನಾಲ್ಕು ಜನರನ್ನು ಅರ್ಧ ಸಂಬಳ ಕೊಟ್ಟು ಪಿಜಿಯಲ್ಲಿ ಸ್ಟ್ಯಾಂಡ್‌ಬೈ ಇಟ್ಟೆವು. ಎರಡು ತಿಂಗಳಿಗೆ ಹತ್ತಿರ ಹತ್ತಿರ ಅರವತ್ತು ಸಾವಿರ ಕರಗಿತು. ಕರೆ ಬಂದಾಗ ಆ ಹುಡುಗಿಯರಲ್ಲಿ ರೈಲ್ಸ್ ಟ್ಯೂಬ್ ಫೀಡಿಂಗ್ (ಮೂಗಿನ ನಳಿಕೆಯಿಂದ ಹೊಟ್ಟೆಗೆ ಆಹಾರ ಕೊಡೋದು) ಗೊತ್ತಿದ್ದವಳು ಒಬ್ಬಳೇ. ಲೆಕ್ಕ ನೋಡಿ: ಪಾರ್ಟಿ, ಅಂದ್ರೆ ರೋಗಿಯ ಮನೆಯವರು, ತಿಂಗಳಿಗೆ 27–28 ಸಾವಿರ ಕೊಡ್ತಾರೆ, ಅದರಲ್ಲಿ 20ರ ಹತ್ತಿರ ಸ್ಟಾಫಿಗೆ. ಒಬ್ಬಳು ಮಧ್ಯೆ ಬಿಟ್ಟರೆ ಆಟೋ, ಪಾರ್ಟಿಗೆ ಬಿಟ್ಟುಕೊಡುವ ದಿನಗಳ ದುಡ್ಡು, ಬೈಗುಳ ಎಲ್ಲ ಸೇರಿ ನಮಗೆ ಉಳಿಯೋದು ಬೈಗುಳ ಮಾತ್ರ.

ಹಾಗಾಗಿ ಒಂದು ಮನೆಗೆ ಇಬ್ಬರು ಅಂತ ಮಾಡಿದೆ. ಒಂದೇ ಊರಿನವರು ಅಥವಾ ಒಂದೇ ಬಸ್ಸಿನ ದಾರಿಯವರು. ಒಬ್ಬಳು ಸುಮಾರು ಇಪ್ಪತ್ತು ದಿನ ಇಲ್ಲಿ, ಇನ್ನೊಬ್ಬಳು ಊರಲ್ಲಿ; ಆಮೇಲೆ ಅದಲು ಬದಲು. ದಿನಕ್ಕೆ 650ರಂತೆ ಲೆಕ್ಕ, ಶನಿವಾರ ಶನಿವಾರ ಫೋನ್‌ಪೇ. ಅಕೌಂಟ್ಸಿನವರು ಗೊಣಗಿದರು. ಮಾಲೀಕರದು ಬೇರೆ ರಾಗ: ‘ಎರಡು ಮುಖ ಪಾರ್ಟಿ ಒಪ್ಪಲ್ಲಮ್ಮ, ಸ್ಟಾಫಿಗೂ ಅರ್ಧ ಸಂಬಳ ಸಾಲಲ್ಲ.’ ಆದರೆ ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ಬಂದವಳಿಗೆ ಮೂರು ತಿಂಗಳು ಒಂದೇ ಸಮ ಇರೋದೇ ಆಗದ ಮಾತು. ‘ಅಕ್ಕಾ, ಹಿಂಗಾದ್ರ ನಾ ವರ್ಷಪೂರ್ತಿ ಬರ್ತೀನ್ರಿ’ ಅಂದಳು ಸಿಂಧನೂರು ಕಡೆಯ ಒಬ್ಬಳು. ಅವಳು ಇವತ್ತಿಗೂ ಇದ್ದಾಳೆ.

ಬಸ್ ಚಾರ್ಜಿನ ತಲೆನೋವು ಶಕ್ತಿ ಯೋಜನೆಯಿಂದ ಹೋಯ್ತು. 2023ರ ಜೂನ್ 11ಕ್ಕೆ ಅದು ಶುರುವಾಗದಿದ್ದರೆ ಈ ಲೆಕ್ಕ ಕೂಡ್ತಿರಲಿಲ್ಲ. ವೇಗದೂತ ಹತ್ತಿ, ಆಧಾರ್ ತೋರಿಸಿ, ಮೆಜೆಸ್ಟಿಕ್‌ನಲ್ಲಿ ಇಳಿದು ಬಿಎಂಟಿಸಿ ಹಿಡಿದರೆ ಮುಗೀತು. ಒಡಿಶಾ, ಅಸ್ಸಾಂ ಹುಡುಗಿಯರಿಗೆ ಇದು ಆಗಲ್ಲ, ಅವರನ್ನು ಹಳೇ ಪದ್ಧತಿಯಲ್ಲೇ ಇಟ್ಟಿದ್ದೇನೆ. ಬದಲಿಯನ್ನು ಮಂಗಳವಾರ ಇಡ್ತೀನಿ. ಶನಿವಾರ, ಭಾನುವಾರ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಬದಲಿ ದಿನ ಇಬ್ಬರೂ ಅರ್ಧ ದಿನ ಮನೆಯಲ್ಲಿರಬೇಕು. ಆ ಅರ್ಧ ದಿನದ ಮುನ್ನೂರು ಚಿಲ್ಲರೆ ರೂಪಾಯಿ ಆಫೀಸಿನದು, ಜಗಳ ಆಡಿ ಒಪ್ಪಿಸಿದ್ದು. ಮಂಚದ ಕಾಲಿಗೆ ದಾರದಲ್ಲಿ ಕಟ್ಟಿದ ನೋಟ್‌ಬುಕ್ ಒಂದಿರುತ್ತೆ. ಬನಶಂಕರಿಯ ಒಂದು ಮನೆಯದು ನನ್ನ ಮುಂದಿದೆ: ‘8ಕ್ಕೆ ರಾಗಿ ಗಂಜಿ 200, ಆಮೇಲೆ ನೀರು 50. ಎಡಕ್ಕೆ ಹೊರಳಿಸಿದೆ. 10ಕ್ಕೆ ಬಲಕ್ಕೆ. ಯೂರಿನ್ ಬ್ಯಾಗ್ 400, ಬಣ್ಣ ಸ್ವಲ್ಪ ಗಾಢ. ಅಜ್ಜಿಗೆ ಮಧ್ಯಾಹ್ನ ಟಿವಿ ಬೇಡ, ಅಳ್ತಾರೆ.’ ಓದು ಬರಹ ಕಮ್ಮಿ ಇದ್ದವರು ಬಾಣದ ಗುರುತು ಹಾಕ್ತಾರೆ, ಎಡ ಬಲ. ಆ ಅಜ್ಜಿಗೆ ಸೊಂಟದ ಕೆಳಗೆ ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗೋ ಹುಣ್ಣು) ಇತ್ತು. ತಿಂಗಳಿಗೊಂದು ಹೊಸ ಮುಖ ಬರ್ತಿದ್ದಾಗ ಮಾಗದ್ದು ಜೋಡಿ ಹಾಕಿದ ಮೇಲೆ ಮಾಗ್ತಾ ಬಂತು.

ನಡುವೆ ಹಾಜರಿಗೆ ವಾಟ್ಸಾಪ್ ಲೊಕೇಶನ್ನೂ ಹಾಕಿಸಿ ನೋಡಿದೆ. ಅರ್ಧ ಜನಕ್ಕೆ ಡೇಟಾ ಖಾಲಿ, ಇನ್ನರ್ಧ ಜನ ಅಕ್ಕನ ಫೋನಿಂದ ಕಳಿಸೋರು. ಊಟದ ವಿಚಾರ ಮಾತ್ರ ಮೊದಲೇ ಕೇಳಿ ಬರೆದಿಡಿ: ಮನೆಯಲ್ಲಿ ಮೊಟ್ಟೆ ನಡೆಯುತ್ತಾ, ಜೋಳದ ರೊಟ್ಟಿ ಮಾಡಿಕೊಳ್ಳೋಕೆ ಬಿಡ್ತಾರಾ. ಸಂಬಳಕ್ಕಿಂತ ಇದಕ್ಕೇ ಜಾಸ್ತಿ ಜನ ಬಿಡೋದು. ಪಾರ್ಟಿಯವರು ನಮ್ಮನ್ನು ಬಿಟ್ಟು ಡೈರೆಕ್ಟಾಗಿ ಹುಡುಗಿಯನ್ನು ಎಳೆದುಕೊಳ್ಳೋದೂ ಕಮ್ಮಿಯಾಗಿದೆ. ಒಬ್ಬಳನ್ನು ಎಳೆಯಬಹುದು, ಜೋಡಿಯನ್ನು ಎಳೆಯೋದು ಕಷ್ಟ.

ಯಾರಿಗೆ ಯಾರನ್ನು ಜೋಡಿ ಮಾಡ್ತೀನಿ ಅನ್ನೋದು ನನ್ನ ಹೊಟ್ಟೆಪಾಡು, ಪೂರ್ತಿ ಹೇಳಲ್ಲ. ಇಷ್ಟು ತಿಳ್ಕೊಳ್ಳಿ: ಒಬ್ಬಳಿಗೆ ಪಂಚಮಿ ದೊಡ್ಡದಾದರೆ ಇನ್ನೊಬ್ಬಳಿಗೆ ರಂಜಾನ್ ಅಥವಾ ಕ್ರಿಸ್‌ಮಸ್ ದೊಡ್ಡದಿರಲಿ. ಓರಗಿತ್ತಿಯರನ್ನಂತೂ ಹಾಕಲೇಬೇಡಿ.

ಗಂಡು ಅಟೆಂಡರ್‌ಗಳಲ್ಲಿ ಇದು ಇನ್ನೂ ಕೂತಿಲ್ಲ. ಶಕ್ತಿ ಯೋಜನೆ ಅವರಿಗಿಲ್ಲ, ಊರಿಗೆ ಹೋದವರು ವಾಪಸ್ ಬಂದು ಡೆಲಿವರಿ ಬೈಕ್ ಹತ್ತಿಬಿಡ್ತಾರೆ. ಸದ್ಯಕ್ಕೆ ರಾಮನಗರ, ಮಾಗಡಿ ಕಡೆಯ ಇಬ್ಬರನ್ನು ವಾರಕ್ಕೊಮ್ಮೆ ಬದಲಿಯ ಮೇಲೆ ಒಂದು ಪಾರ್ಶ್ವವಾಯು ಕೇಸಿಗೆ ಹಾಕಿದ್ದೇನೆ. ಬಸ್ ಚಾರ್ಜು ಆಫೀಸಿನದೇ, ಮಾಲೀಕರಿಗೆ ಇನ್ನೂ ಹೇಳಿಲ್ಲ.