ಎಂಜಿನ್ ಬದಲಿಸಿದ ಅಂಬಾಸಿಡರ್‌ಗೆ ಘಟ್ಟಕ್ಕೊಪ್ಪುವ ಹಿಂದಿನ ಆಕ್ಸಲ್

ಅಂಬಾಸಿಡರ್‌ನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇಳಿಸಿ, ಅದರ ಜಾಗದಲ್ಲಿ ಇಸುಜು 1.8 ಪೆಟ್ರೋಲ್ ಎಂಜಿನ್ನನ್ನೋ ಯಾವುದಾದರೂ ಡೀಸೆಲ್ ಎಂಜಿನ್ನನ್ನೋ ಕೂರಿಸುವವರು ಹಿಂದಿನ ಆಕ್ಸಲ್ಲಿನ ವಿಚಾರವನ್ನು ಸಾಮಾನ್ಯವಾಗಿ ಕೊನೆಗೆ ತಳ್ಳುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಘಟ್ಟ ಇಳಿಯಬೇಕಾದ ಕಾರಿಗೆ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಎರಡನ್ನೂ ಎಂಜಿನ್ ಕೊಳ್ಳುವ ಮೊದಲೇ ಜೋಡಿಯಾಗಿ ನಿರ್ಧರಿಸಬೇಕು.

ಮೊದಲು ಈಗಿರುವ ಹೌಸಿಂಗ್‌ನ (ಹಿಂದಿನ ಆಕ್ಸಲ್ಲಿನ ಹೊರಕವಚದ) ಅನುಪಾತವನ್ನು, ಅಂದರೆ ಚಕ್ರಗಳು ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು, ತಿಳಿದುಕೊಳ್ಳಿ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇನ್ನೊಂದು ಚಕ್ರ ನಿಂತೇ ಇರುವುದರಿಂದ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಬರುವ ಆ ಶಾಫ್ಟ್) ಎಷ್ಟು ಸುತ್ತು ತಿರುಗುತ್ತದೆಯೋ ಅದೇ ಅನುಪಾತ. ಗುಜರಿಯಲ್ಲಿ ಬಿಚ್ಚಿಟ್ಟ ಕ್ರೌನ್ (ಆಕ್ಸಲ್ಲಿನೊಳಗಿನ ದೊಡ್ಡ ಹಲ್ಲುಗಾಲಿ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ) ಸಿಕ್ಕರೆ ಹಲ್ಲು ಎಣಿಸಿದರೆ ಸಾಕು. 39ಕ್ಕೆ 8 ಇದ್ದರೆ 4.875, 43ಕ್ಕೆ 11 ಇದ್ದರೆ ಸುಮಾರು 3.9.

ಟೈರಿನ ಸುತ್ತಳತೆ 2 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 667 ಸುತ್ತು ತಿರುಗುತ್ತದೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ನೇರ ನಾಲ್ಕನೇ ಗೇರಿನಲ್ಲಿ 4.875ರ ಆಕ್ಸಲ್ ಇದ್ದರೆ ಎಂಜಿನ್ 3250 ಸುತ್ತಿನಲ್ಲಿ ಓಡುತ್ತದೆ, 3.9 ಇದ್ದರೆ 2600ಕ್ಕೆ ಇಳಿಯುತ್ತದೆ. ಡೀಸೆಲ್ ಎಂಜಿನ್ 3250ರಲ್ಲಿ ಅರಚುವುದನ್ನು ಕೇಳಿದವರೆಲ್ಲ 3.9ರ ಕಡೆ ವಾಲುವುದು ಸಹಜ. ಆದರೆ ಹಾಗೆ ಮಾಡಿದಾಗ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ, ಇಳಿಜಾರಿನಲ್ಲಿ ಎಂಜಿನ್ ಕೊಡುವ ತಡೆಯೂ ಅಷ್ಟೇ ಕಡಿಮೆಯಾಗುತ್ತದೆ. ಥ್ರಾಟಲ್ ಮುಚ್ಚಳವಿಲ್ಲದ ಹಳೆಯ ಡೀಸೆಲ್‌ಗಳಲ್ಲಿ, ಅದೇ ಗಾತ್ರದ ಪೆಟ್ರೋಲ್ ಎಂಜಿನ್ನಿಗಿರುವಷ್ಟು ತಡೆ ಮೊದಲೇ ಇರುವುದಿಲ್ಲ. ಹದಿನಾಲ್ಕು ತಿರುವುಗಳ ಆಗುಂಬೆಯಲ್ಲಿ ಆ ಕೊರತೆಯನ್ನು ಡ್ರಮ್ ಬ್ರೇಕುಗಳೇ ಹೊರಬೇಕಾಗುತ್ತದೆ, ಅರ್ಧ ಘಟ್ಟ ಇಳಿಯುವುದರೊಳಗೆ ಲೈನರ್ ಸುಟ್ಟ ವಾಸನೆ ಬರುತ್ತದೆ.

ಆದ್ದರಿಂದ ನನ್ನ ಶಿಫಾರಸು 4.5ರ ಆಸುಪಾಸಿನ ಆಕ್ಸಲ್ ಮತ್ತು ಐದು ಗೇರಿನ ಬಾಕ್ಸ್. ಐದನೇ ಗೇರು 0.85 ಇದ್ದರೆ ಅದೇ 80 ಕಿ.ಮೀ. ವೇಗದಲ್ಲಿ ಎಂಜಿನ್ 2550 ಸುತ್ತಿನಲ್ಲಿರುತ್ತದೆ, ಅಂದರೆ 3.9ರ ಆಕ್ಸಲ್ ನಾಲ್ಕನೇ ಗೇರಿನಲ್ಲಿ ಕೊಡುವುದಕ್ಕಿಂತಲೂ ತುಸು ಕಡಿಮೆ. ಏರಿಳಿತಕ್ಕೆ ಬೇಕಾದ ಕೆಳಗಿನ ಗೇರುಗಳ ಬಲವೂ ಬಹುಮಟ್ಟಿಗೆ ಉಳಿಯುತ್ತದೆ.

ಹಳೆಯ ಹೌಸಿಂಗ್ ಹೊಸ ಎಂಜಿನ್ನಿನ ಟಾರ್ಕ್ (ತಿರುಚುವ ಬಲ) ತಾಳುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಇಸುಜು 1.8ರಂಥ ಎಂಜಿನ್ನಿಗೆ, ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು) ತೇಯದೆ ಒಳ್ಳೆಯ ಸ್ಥಿತಿಯಲ್ಲಿರುವ ಆಕ್ಸಲ್ ಸಮಾಧಾನದ ಚಾಲನೆಯಲ್ಲಿ ಸಾಕಾಗುತ್ತದೆ; ದೊಡ್ಡ ಡೀಸೆಲ್ ಆದರೆ ಬದಲಿಸುವುದು ಲೇಸು. ಮಳೆಗಾಲದಲ್ಲಿ ತೋಟದ ದಾರಿಯ ಕೆಮ್ಮಣ್ಣಿನಲ್ಲಿ ಚಕ್ರ ಜಾರಿ ತಿರುಗುತ್ತಿರುವಾಗ ಒಮ್ಮೆಲೇ ಕಲ್ಲಿನ ಮೇಲೆ ಹಿಡಿತ ಸಿಕ್ಕರೆ, ಆ ಹೊಡೆತಕ್ಕೇ ಆಕ್ಸಲ್ ಶಾಫ್ಟ್ ಮುರಿಯುವುದು. ಬೊಲೆರೊ, ಕ್ವಾಲಿಸ್‌ಗಳ ಆಕ್ಸಲ್ ಗಟ್ಟಿಯಾಗಿದ್ದು ಲೀಫ್ ಸ್ಪ್ರಿಂಗ್ ಮೇಲೆಯೇ ಕೂರುವಂಥವು; ಆದರೆ ಎರಡು ಹಬ್‌ಗಳ ನಡುವಿನ ಅಗಲ, ವೀಲ್ ಬೋಲ್ಟ್‌ಗಳ ಅಂತರ, ಹ್ಯಾಂಡ್‌ಬ್ರೇಕ್ ಕೇಬಲ್ ಬರುವ ದಿಕ್ಕು ಇವನ್ನು ಅಳೆಯದೆ ಹಣ ಕೊಡಬೇಡಿ. ಹಳೆಯ ಜೀಪಿನ ಆಕ್ಸಲ್ ಅಗ್ಗವಾಗಿ ಸಿಗಬಹುದಾದರೂ ಅದರ ಡಿಫರೆನ್ಷಿಯಲ್ ಗುಂಡು (ಕ್ರೌನ್ ಮತ್ತು ಪಿನಿಯನ್ ಇರುವ ಉಬ್ಬು) ನಡುವಿನಲ್ಲಿರದೆ ಒಂದು ಬದಿಗಿರುವುದರಿಂದ ಕಾರಿಗೆ ಹೊಂದುವುದಿಲ್ಲ.

ಲೀಫ್ ಸ್ಪ್ರಿಂಗ್ ಕೂರುವ ಪ್ಯಾಡುಗಳನ್ನು ಹೊಸ ಹೌಸಿಂಗ್‌ಗೆ ಒಂದೇ ಉಸಿರಿನಲ್ಲಿ ಬೆಸುಗೆ ಹಾಕಬಾರದು. ಶಾಖಕ್ಕೆ ಕೊಳವೆ ಬಾಗಿದರೆ ಬೇರಿಂಗ್ ಮತ್ತು ಆಯಿಲ್ ಸೀಲ್ ಬಾಳುವುದಿಲ್ಲ. ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಕಾರನ್ನು ಅದರದೇ ಭಾರದ ಮೇಲೆ ಇಳಿಸಿ, ಕೋನಮಾಪಕದಿಂದ ಅಳೆಯಿರಿ. ಗೇರ್‌ಬಾಕ್ಸಿನ ಹೊರಶಾಫ್ಟ್ ಮತ್ತು ಪಿನಿಯನ್ ಪರಸ್ಪರ ಸಮಾನಾಂತರವಾಗಿರಬೇಕು; ಲೀಫ್ ಸ್ಪ್ರಿಂಗ್ ಕಾರುಗಳಲ್ಲಿ ಎಳೆತದ ವೇಳೆ ಪಿನಿಯನ್ ಮೂತಿ ಮೇಲೇಳುವುದರಿಂದ ಅದನ್ನು ಒಂದೆರಡು ಡಿಗ್ರಿ ಕೆಳಗೆ ಬಾಗಿಸಿಡುವುದು ವಾಡಿಕೆ. ಪ್ರೊಪೆಲ್ಲರ್ ಶಾಫ್ಟಿನ ತುದಿಗಳಲ್ಲಿರುವ ಪ್ರತಿ ಕ್ರಾಸ್ ಜಾಯಿಂಟ್‌ನ ಕೋನ 1ರಿಂದ 3 ಡಿಗ್ರಿಯೊಳಗಿದ್ದರೆ ಚೆನ್ನ. ಸೊನ್ನೆಯಿದ್ದರೆ ಸೂಜಿ ಬೇರಿಂಗುಗಳು ಉರುಳದೆ ಒಂದೇ ಕಡೆ ಗುಳಿ ಬೀಳುತ್ತವೆ. ಶಾಫ್ಟನ್ನು ಕತ್ತರಿಸಿ ಸೇರಿಸಿದ ಮೇಲೆ ಎರಡೂ ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿವೆಯೇ ಎಂದು ನೋಡಿ, ಜಾರುವ ಸ್ಪ್ಲೈನ್‌ಗೆ ಒಳಮುಖವಾಗಿ ಸುಮಾರು 25 ಮಿ.ಮೀ. ಜಾಗ ಬಿಟ್ಟು, ಬ್ಯಾಲೆನ್ಸ್ ಮಾಡಿಸಿಯೇ ಹಾಕಿ.

ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಇಪಿ 90 ಎಣ್ಣೆ ಹಾಕಿ. ಅದನ್ನೇ ಗೇರ್‌ಬಾಕ್ಸಿಗೂ ಸುರಿದರೆ ಗೇರ್ ಸುಲಭವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳು ಹಾಳಾಗಬಹುದು. ಕಾದ ಹೌಸಿಂಗ್ ಹಳ್ಳದ ನೀರಿಗಿಳಿದು ತಣ್ಣಗಾದರೆ ಉಸಿರುರಂಧ್ರದ ಮೂಲಕ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ರಬ್ಬರ್ ಕೊಳವೆ ಜೋಡಿಸಿ ಆ ರಂಧ್ರವನ್ನು ಡಿಕ್ಕಿಯ ಎತ್ತರಕ್ಕೆ ಒಯ್ಯುವುದು ಹೆಚ್ಚು ಖರ್ಚಿನ ಕೆಲಸವಲ್ಲ.

ಕಾಗದಪತ್ರದ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಾವಣೆಗೆ ಆರ್.ಟಿ.ಒ. ಅನುಮತಿ ಮೊದಲೇ ಬೇಕು, ಇಂಧನವೇ ಬದಲಾಗುವುದಾದರೆ ಆ ಅನುಮತಿ ಸುಲಭವಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಎಂಜಿನ್ ಮಾರ್ಪಡಿಸಿದ ಕಾರಿಗೆ ದಕ್ಕುವ ಸಂಭವ ಕಡಿಮೆ.

ಜೋಡಣೆ ಮುಗಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಘಟ್ಟಕ್ಕಿಳಿಸದೆ ಬಯಲು ರಸ್ತೆಯಲ್ಲಿ ಓಡಿಸಿ, ನಂತರ ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಮಾಡಿ. ಪ್ರತಿ ಸಲ ನಿಲ್ಲಿಸಿದಾಗ ಪಿನಿಯನ್ ಮೂತಿಯ ಬಳಿ ಎಚ್ಚರದಿಂದ ಕೈಯಿಟ್ಟು ನೋಡಿ; ಕೈ ತಾಳಲಾರದಷ್ಟು ಕಾದಿದ್ದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ ಎಂದು ತಿಳಿದು, ಮುಂದೆ ಓಡಿಸದೆ ಬಿಚ್ಚಿಸಿ ಸರಿಪಡಿಸಿಕೊಳ್ಳಿ.