ಲಾರಿ ಇನ್ಶೂರೆನ್ಸು: 80 ಸಾವಿರದಿಂದ 55 ಸಾವಿರಕ್ಕೆ ಇಳಿಸಿದ ನನ್ನ ಅನುಭವ

2021ರ ಡಿಸೆಂಬರ್‌ನಲ್ಲಿ ನನ್ನ ಹತ್ತು ಚಕ್ರದ ಗಾಡಿಗೆ ಕಟ್ಟಿದ ಪ್ರೀಮಿಯಂ ಹತ್ತಿರ ಹತ್ತಿರ 80 ಸಾವಿರ. 2025ರ ಡಿಸೆಂಬರ್‌ನಲ್ಲಿ ಅದೇ ಗಾಡಿಗೆ 55 ಸಾವಿರದ ಆಸುಪಾಸು. ಇದರಲ್ಲಿ ಗಾಡಿ ಹಳತಾದದ್ದರ ಪಾಲೂ ಇದೆ, ಜಿಎಸ್‌ಟಿ ಇಳಿದದ್ದರ ಪಾಲೂ ಇದೆ. ಉಳಿದದ್ದು ನಾನು ಹಟ ಹಿಡಿದು ಮಾಡಿದ ಲೆಕ್ಕ. ದಾವಣಗೆರೆಯ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇದನ್ನು ಯಾರೂ ಒಪ್ಪಿರಲಿಲ್ಲ. "ಅಲ್ರೀ, ವರ್ಷ ವರ್ಷ ಕಟ್ತೀವಿ, ಗಾಡಿ ಬಡಿದಾಗ ಕ್ಲೇಮ್ ತಗೊಳ್ಳೋದು ಬಿಟ್ಟು ಕೈಯಾಗಿನ ದುಡ್ಡು ಹಾಕ್ತೀರೇನ್ರೀ?" ಅಂತ ಕೇಳಿದವರೇ ಈಗ ತಮ್ಮ ಪಾಲಿಸಿ ತಂದು ನನ್ನ ಮುಂದೆ ಇಡುತ್ತಾರೆ.

ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ಕವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸರ್ಕಾರ ಗೊತ್ತು ಮಾಡಿದ ದರ, ಯಾವ ಕಂಪನಿಗೆ ಹೋದರೂ ಅಷ್ಟೇ. 20 ಟನ್ನಿಂದ 40 ಟನ್ ಜಿವಿಡಬ್ಲ್ಯು (ಸರಕು ಸೇರಿ ಗಾಡಿಯ ಒಟ್ಟು ತೂಕ) ಇರುವ ಗಾಡಿಗೆ 2022ರ ಜೂನ್‌ನಿಂದ 43,950. ಅದರ ಹಿಂದೆ 43,037 ಇತ್ತು. 2018ರ ಜುಲೈನಲ್ಲಿ ಎಂಟು ದಿನ ಗಾಡಿ ನಿಲ್ಲಿಸಿ ಮುಷ್ಕರ ಮಾಡಿದಾಗ ಡೀಸೆಲ್, ಟೋಲ್ ಜೊತೆಗೆ ಇದೂ ನಮ್ಮ ಬೇಡಿಕೆಯಾಗಿತ್ತು. ಈ ದರದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಬಂತು. ಒಂದು ಗಾಡಿಗೆ 3 ಸಾವಿರ ಉಳಿತಾಯ, ಅದು ಎಲ್ಲರಿಗೂ ಸಿಕ್ಕಿದ್ದು. ನಾವು ಕೈಯಾಡಿಸಲು ಆಗುವುದು ಓಡಿ ಕಡೆ, ಅಂದರೆ ನಮ್ಮ ಗಾಡಿಯ ಡ್ಯಾಮೇಜಿನ ಕಡೆ ಮಾತ್ರ.

ಏಜೆಂಟರು ಪ್ರೀಮಿಯಂ ಕಮ್ಮಿ ತೋರಿಸಲು ಮೊದಲು ಕತ್ತರಿ ಹಾಕುವುದು ಐಡಿವಿಗೆ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಗೆ. ಲೆಕ್ಕ ಹಾಕಿ ನೋಡಿ. ನಮ್ಮಂಥ ಊರಿನ ರಿಜಿಸ್ಟ್ರೇಷನ್ ಇದ್ದು ಐದು ವರ್ಷದೊಳಗಿನ ಗಾಡಿಯಾದರೆ ಓಡಿ ಮೂಲ ದರ ಐಡಿವಿಯ ಶೇ 1.726. ಮೂರು ಲಕ್ಷ ಐಡಿವಿ ಇಳಿಸಿದರೆ 5 ಸಾವಿರ ಚಿಲ್ಲರೆ. ಅದರ ಮೇಲೆ ಕಂಪನಿ ಶೇ 60 ಡಿಸ್ಕೌಂಟ್ ಕೊಟ್ಟರೆ 2 ಸಾವಿರ, ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಶೇ 45 ಕಳೆದರೆ ಸಾವಿರದ ನೂರೋ ಇನ್ನೂರೋ. ಅಷ್ಟು ಉಳಿಸಲು ಮೂರು ಲಕ್ಷದ ರಕ್ಷಣೆ ಬಿಟ್ಟುಕೊಡಬೇಕು. ಗಾಡಿ ಟೋಟಲ್ ಲಾಸ್ ಆದರೆ ಫೈನಾನ್ಸಿನವನಿಗೆ ಆ ಮೂರು ಲಕ್ಷವನ್ನು ಮನೆಯಿಂದ ತಂದು ಕಟ್ಟಬೇಕಾಗುತ್ತದೆ. ಚಾಸಿ ತಗೊಂಡು ತಮಿಳುನಾಡಿನ ನಾಮಕ್ಕಲ್ ಕಡೆ ಬಾಡಿ ಕಟ್ಟಿಸುವವರು ಇನ್ನೊಂದು ನೋಡಿಕೊಳ್ಳಿ: ಶೋರೂಮ್ ಇನ್‌ವಾಯ್ಸ್‌ನಲ್ಲಿ ಬಾಡಿ ಖರ್ಚು ಇರುವುದಿಲ್ಲ. ಬಾಡಿ ಬಿಲ್ ಕೊಟ್ಟು ಐಡಿವಿಗೆ ಸೇರಿಸಿಕೊಳ್ಳಬೇಕು.

ನನ್ನ ಕಣ್ಣು ತೆರೆಸಿದ್ದು 2021ರ ಮಳೆಗಾಲ. ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್‌ನ ಕೋಳಿ ಫೀಡ್ ಮಿಲ್ಲಿಗೆ ಹೋಗುತ್ತಿದ್ದ ಗಾಡಿ ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿಯುವಾಗ ಮುಂದಿನ ಗಾಡಿಗೆ ತಾಗಿತು. ಡ್ರೈವರ್‌ಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಗ್ಯಾರೇಜಿನ ಬಿಲ್ 68 ಸಾವಿರ ಇರಬೇಕು. ಬಂಪರ್, ಎರಡು ಹೆಡ್‌ಲೈಟ್, ಎಡಗಡೆ ಮಡ್‌ಗಾರ್ಡ್, ಕತ್ತರಿಸಿಹೋದ ಒಂದು ಟೈರ್, ಪೇಂಟಿಂಗ್ ಎಲ್ಲ ಸೇರಿ 38 ಸಾವಿರದಷ್ಟು. ನಷ್ಟ ಅಂದಾಜು ಮಾಡಲು ಬಂದ ಸರ್ವೇಯರ್ ತನ್ನ ಹಾಳೆಯಲ್ಲಿ ಇವುಗಳ ಮುಂದೆ ಸಾಲಾಗಿ ಸೊನ್ನೆ ಬರೆದ. ಇಂಥ ಸಾಮಾನುಗಳಿಗೂ ರಕ್ಷಣೆ ಕೊಡುವ ಐಎಂಟಿ 23 ಅನ್ನುವ ಹೆಚ್ಚುವರಿ ಕವರ್ ಪಾಲಿಸಿಯಲ್ಲಿ ಇರಲಿಲ್ಲ. ಲಾರಿಗೆ ಅದು ಇಲ್ಲದಿದ್ದರೆ ಟೋಟಲ್ ಲಾಸ್ ಆಗದ ಹೊರತು ಈ ಸಾಮಾನುಗಳಿಗೆ ಬಿಡಿಗಾಸೂ ಇಲ್ಲ. ಲಾರಿಯಲ್ಲಿ ಮೊದಲು ಮುರಿಯುವುದೇ ಇವು! ಉಳಿದ 30 ಸಾವಿರದಲ್ಲಿ ಕ್ಯಾಬಿನ್ ತಗಡಿಗೆ ಶೇ 10 ಸವಕಳಿ, ಪ್ಲಾಸ್ಟಿಕ್‌ಗೆ ಶೇ 50, ಮೇಲೆ ಕಡ್ಡಾಯ ಕಡಿತ 1,500. ಗಾಜಿಗೆ ಮಾತ್ರ ಪೂರ್ತಿ ಕೊಟ್ಟರು. ಕೈಗೆ ಬಂದದ್ದು 24 ಸಾವಿರ. ಸರ್ವೇಯರ್ ಬರಲಿ, ಅಪ್ರೂವಲ್ ಬರಲಿ ಅಂತ ಗಾಡಿ ಎರಡು ವಾರ ನಿಂತಿತ್ತು. ಈಎಂಐ ನಿಲ್ಲುತ್ತದೆಯೇ? ಡಿಸೆಂಬರ್‌ನಲ್ಲಿ ಎನ್‌ಸಿಬಿಯೂ ಸೊನ್ನೆ. ಆಗ ಕಟ್ಟಿದ್ದೇ ಆ 80 ಸಾವಿರ.

ಅವತ್ತು ರಾತ್ರಿ ಕೂತು ಎನ್‌ಸಿಬಿ ಲೆಕ್ಕ ಬರೆದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಅದು ಏರುವ ಮೆಟ್ಟಿಲು: ಶೇ 20, 25, 35, 45, 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಹತ್ತಬೇಕು. ಶೇ 50 ತಲುಪಿದವನು ಒಂದು ಕ್ಲೇಮ್ ಮಾಡಿದರೆ ಮೊದಲ ವರ್ಷ 50 ಹೋಯಿತು, ಮುಂದೆ 30, 25, 15, 5. ಒಟ್ಟು 125. ಅಂದರೆ ಒಂದೂಕಾಲು ವರ್ಷದ ಪೂರ್ತಿ ಓಡಿ ಪ್ರೀಮಿಯಂ ನಾವೇ ವಾಪಸ್ ಕಟ್ಟಿದ ಹಾಗೆ. ಡಿಸ್ಕೌಂಟ್ ಕಳೆದು ಓಡಿ 15 ಸಾವಿರ ಇರುವ ಗಾಡಿಗೆ ಇದು 19 ಸಾವಿರ, ಶೇ 18 ಜಿಎಸ್‌ಟಿ ಸೇರಿಸಿದರೆ 22. ಹಾಗಾಗಿ ಕೈಗೆ 25 ಸಾವಿರಕ್ಕಿಂತ ಕಮ್ಮಿ ಬರುವ ಕ್ಲೇಮನ್ನು ನಾನು ಮಾಡುವುದೇ ಇಲ್ಲ. ಇಲ್ಲಿ ನೋಡಬೇಕಾದ್ದು ಗ್ಯಾರೇಜ್ ಬಿಲ್ ಅಲ್ಲ, ಸವಕಳಿ ಕಳೆದು ಕೈಗೆ ಬರುವ ದುಡ್ಡು.

ಕ್ಲೇಮ್ ಮಾಡದಿದ್ದರೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು? ಪ್ರತಿ ಟ್ರಿಪ್‌ಗೆ 500 ರೂಪಾಯಿ ಬೇರೆ ಖಾತೆಗೆ. ಡೀಸೆಲ್‌ಗೆ ಕಷ್ಟವಾದರೂ ಅದಕ್ಕೆ ಕೈ ಹಾಕುವುದಿಲ್ಲ. ವರ್ಷಕ್ಕೆ 35 ಸಾವಿರದವರೆಗೆ ನಿಲ್ಲುತ್ತದೆ, ಚಿಕ್ಕಪುಟ್ಟ ಟಿಂಕರಿಂಗ್ ಎಲ್ಲ ಅದರಲ್ಲೇ. ಯುಗಾದಿಗೆ ಬಂಪರ್ ನೆಟ್ಟಗಿದ್ದರೆ ಡ್ರೈವರ್‌ಗೆ ಅದರಿಂದಲೇ ಇನಾಮು. ಈ ಇನಾಮು ಶುರುವಾದ ಮೇಲೆ ಎಪಿಎಂಸಿ ಯಾರ್ಡಿನಲ್ಲಿ ರಿವರ್ಸ್ ಹೊಡೆಯುವಾಗ ಕ್ಲೀನರ್ ತಾನಾಗಿ ಇಳಿದು ನಿಲ್ಲುತ್ತಾನೆ.

ಜೊತೆಗೆ ಐಎಂಟಿ 23 ಹಾಕಿಸಿದೆ. ಓಡಿ ಮೇಲೆ ಶೇ 15 ಜಾಸ್ತಿ, ಕೊಡುವುದೂ ಅರ್ಧವೇ. ಚಿಕ್ಕ ಕ್ಲೇಮ್ ಮಾಡದವನಿಗೆ ಇದು ಯಾಕೆ ಅಂತ ಕೇಳಿದವರಿದ್ದಾರೆ. ದೊಡ್ಡ ಅಪಘಾತದಲ್ಲಿ ಮುಂಭಾಗ ಪೂರ್ತಿ ಹೋದಾಗ ಈ ಅರ್ಧವೇ ಲಕ್ಷದ ಲೆಕ್ಕಕ್ಕೆ ಬರುತ್ತದೆ. ಡಿಸ್ಕೌಂಟ್, ಎನ್‌ಸಿಬಿ ಎಲ್ಲ ಕಳೆದು ನನಗೆ ಬಿದ್ದದ್ದು ಸಾವಿರ ರೂಪಾಯಿ.

ಹಳೆಯ ಆರು ಚಕ್ರದ ಗಾಡಿಗೆ ಒಂದು ವರ್ಷ ಬರೀ ಥರ್ಡ್ ಪಾರ್ಟಿ ಮಾಡಿಸಿ ನೋಡಿದೆ. ಉಳಿದದ್ದು 5 ಸಾವಿರ. ಆದರೆ 5 ಲಕ್ಷದ ಗಾಡಿ ಬಯಲಲ್ಲಿ ನಿಂತಂತಾಯಿತು, ಓಡಿ ಕವರ್ ಇಲ್ಲದೆ 90 ದಿನ ಕಳೆದಾಗ ಅದರ ಎನ್‌ಸಿಬಿಯೂ ಹೋಯಿತು. ಮರುವರ್ಷ ಇನ್‌ಸ್ಪೆಕ್ಷನ್ ಮಾಡಿಸಿ ಮತ್ತೆ ಫುಲ್ ಪಾಲಿಸಿಗೆ ಬಂದೆ. ಡ್ಯಾಶ್‌ಕ್ಯಾಮ್ ಹಾಕಿಸಿದ್ದಕ್ಕೆ ಯಾವ ಕಂಪನಿಯೂ ಒಂದು ರೂಪಾಯಿ ಬಿಡಲಿಲ್ಲ. ಆದರೆ ತುಮಕೂರು ಬೈಪಾಸ್‌ನಲ್ಲಿ ಕಾರಿನವನೊಬ್ಬ ಹಿಂದಿನಿಂದ ಬಂದು ಗುದ್ದಿ ನಮ್ಮನ್ನೇ ದಬಾಯಿಸಿದಾಗ ವಿಡಿಯೊ ತೋರಿಸಿದ ಮೇಲೆ ಸುಮ್ಮನಾದ. ಕ್ಯಾಮೆರಾ ದುಡ್ಡು ಅಲ್ಲಿಗೆ ಹುಟ್ಟಿತು. ಮಾಲೀಕನ ಪಿಎ (ವೈಯಕ್ತಿಕ ಅಪಘಾತ) ಕವರ್ ಪ್ರತಿ ಗಾಡಿಗೂ ಕಟ್ಟುವುದನ್ನೂ ಬಿಟ್ಟೆ. 15 ಲಕ್ಷದ ಒಂದು ಪ್ರತ್ಯೇಕ ಪಾಲಿಸಿ ಎಲ್ಲ ಗಾಡಿಗಳಿಗೂ ಸಾಕು. ಡ್ರೈವರ್, ಕ್ಲೀನರ್‌ಗೆ ತಲೆಗೆ 50 ರೂಪಾಯಿಯ ಲೀಗಲ್ ಲಯಬಿಲಿಟಿ (ಅವರಿಗೆ ಏನಾದರೂ ಆದರೆ ಮಾಲೀಕ ಕೊಡಬೇಕಾದ ಪರಿಹಾರದ ಕವರ್) ಮಾತ್ರ ಯಾರೂ ಬಿಡಬೇಡಿ.

ಡಿಸ್ಕೌಂಟ್ ಶೇ 40ರಿಂದ 60ಕ್ಕೆ ಹೇಗೆ ಏರಿತು ಅಂತ ಎಲ್ಲರೂ ಕೇಳುತ್ತಾರೆ. ಎರಡೂ ಗಾಡಿಯ ರಿನ್ಯೂವಲ್ ಒಂದೇ ತಿಂಗಳಿಗೆ ತಂದು ಒಟ್ಟಿಗೆ ಕೊಟೇಶನ್ ಕೇಳಿದ್ದು ಒಂದು ಕಾರಣ. ಯಾವ ವಾರದಲ್ಲಿ, ಯಾರ ಟೇಬಲ್ಲಿನ ಮುಂದೆ ಕೂತು ಕೇಳಬೇಕು ಅನ್ನುವುದು ಇನ್ನೊಂದು. ಅದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಮುಂದಿನ ವರ್ಷವೂ ಬೇಕು.

ಈಗ ಹದಿನಾಲ್ಕು ಚಕ್ರದ ಗಾಡಿ ತಗೊಳ್ಳುವ ಯೋಚನೆಯಲ್ಲಿದ್ದೇನೆ. 42 ಟನ್, 40ರ ಮೇಲಿನ ಸ್ಲ್ಯಾಬು, ಥರ್ಡ್ ಪಾರ್ಟಿ 44,242. ಈಗಿನ ಗಾಡಿಗಿಂತ 300 ರೂಪಾಯಿಯೂ ಜಾಸ್ತಿಯಿಲ್ಲ. ಆದರೆ ಬಾಡಿ ಸೇರಿ 45 ಲಕ್ಷದ ಗಾಡಿಗೆ, 12 ಟನ್ ಮೇಲಿನ ಪ್ರತಿ 100 ಕೆಜಿಗೆ 27 ರೂಪಾಯಿ ಸೇರಿಸಿದರೆ, ಡಿಸ್ಕೌಂಟ್‌ಗೆ ಮುಂಚೆ ಓಡಿಯೇ 85 ಸಾವಿರ ದಾಟುತ್ತದೆ. ಎನ್‌ಸಿಬಿ ಗಾಡಿಯದಲ್ಲ, ಮಾಲೀಕನದು. ಹತ್ತು ಚಕ್ರದ್ದನ್ನು ಮಾರಿ ಎನ್‌ಸಿಬಿ ಲೆಟರ್ ತಗೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಹಾಕಿಸಬಹುದು. ಗಿರಾಕಿ ಈಗಲೇ ಬಂದಿದ್ದಾನೆ, ಆದರೆ ಸದ್ಯ ನನ್ನದು ಶೇ 45. ಈ ಡಿಸೆಂಬರ್ ದಾಟಿ 50 ಆಗಲಿ, ಆಮೇಲೆ ಕೊಡ್ತೀನಿ ಅಂತ ಅವನಿಗೆ ಹೇಳಿ ಕಳಿಸಿದ್ದೇನೆ.