ವಿದೇಶಕ್ಕೆ ಹೊರಟಿದ್ದೀರಾ? ಯಾವ ಖರ್ಚಿಗೆ ಯಾವ ಕಾರ್ಡು

ಬೆಳಗಾವಿ ಮಂದಿಗೆ ವಿದೇಶ ಈಗ ದೂರದ ಮಾತಲ್ಲ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರು, ಉಮ್ರಾ ಯಾತ್ರೆಗೆ ಹೊರಟ ಕುಟುಂಬಗಳು, ಜರ್ಮನಿಯಲ್ಲಿ ಎಂಎಸ್ ಸೀಟು ಸಿಕ್ಕ ಎಂಜಿನಿಯರಿಂಗ್ ಹುಡುಗರು, ರಜೆಯಲ್ಲಿ ದುಬೈ ನೋಡಿಬರುವ ವ್ಯಾಪಾರಸ್ಥರು ಎಲ್ಲ ಓಣಿಯಲ್ಲೂ ಇದ್ದಾರೆ. ಟಿಕೆಟ್, ವೀಸಾ ಕೆಲಸ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ರೊಕ್ಕದ ವಿಚಾರ ಮಾತ್ರ ಕೊನೆಯ ವಾರಕ್ಕೆ ಬರುತ್ತದೆ. ಫಾರೆಕ್ಸ್ ಕಾರ್ಡ್ ಮಾಡಿಸಬೇಕೋ, ಕಿಸೆಯಲ್ಲಿರುವ ಕ್ರೆಡಿಟ್ ಕಾರ್ಡೇ ಸಾಕೋ ಎಂದು ಆಗ ಕೇಳುತ್ತಾರೆ.

ಎರಡೂ ಇರಲಿ. ಆದರೆ ಎರಡಕ್ಕೂ ಕೆಲಸ ಹಂಚಿಕೊಡಿ. ಊಟ, ಓಡಾಟ, ಅಂಗಡಿ, ಎಟಿಎಂ ಇವೆಲ್ಲ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್‌ನ ಪಾಲು. ಹೋಟೆಲ್ ಡಿಪಾಸಿಟ್, ಬಾಡಿಗೆ ಕಾರು, ಆಸ್ಪತ್ರೆಯಂಥ ತುರ್ತು ಖರ್ಚು ಕ್ರೆಡಿಟ್ ಕಾರ್ಡ್‌ನ ಪಾಲು. ಈ ಹಂಚಿಕೆ ಅದಲುಬದಲಾದಾಗಲೇ ಹೆಚ್ಚು ರೊಕ್ಕ ಸೋರುತ್ತದೆ.

ಮೊದಲು ಲೆಕ್ಕ

ಪ್ರಿಪೇಯ್ಡ್ ಕಾರ್ಡ್‌ಗೆ ಇಲ್ಲಿಯೇ ರೂಪಾಯಿ ಕಟ್ಟಿ ಡಾಲರ್, ಯೂರೋ, ದಿರ್ಹಾಮ್ ತುಂಬಿಸಿಕೊಳ್ಳುತ್ತೀರಿ. ತುಂಬಿಸಿದ ದಿನದ ದರವೇ ಪಕ್ಕಾ. ಆಮೇಲೆ ರೂಪಾಯಿ ಎಷ್ಟು ಕುಸಿದರೂ ನಿಮಗೆ ಸಂಬಂಧವಿಲ್ಲ, ಏರಿದರೆ ಲಾಭವೂ ಇಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಹಾಗಲ್ಲ. ಖರ್ಚು ಮೊದಲು, ಲೆಕ್ಕ ಆಮೇಲೆ. ಅದೂ ನೀವು ಕಾರ್ಡ್ ಉಜ್ಜಿದ ದಿನದ ದರವೇ ಸಿಗುತ್ತದೆಂದಲ್ಲ, ವ್ಯವಹಾರ ಇತ್ಯರ್ಥವಾಗುವ ದಿನದ ದರ ಬೀಳುತ್ತದೆ. ಅದರ ಮೇಲೆ ಬ್ಯಾಂಕಿನ ‘ಫಾರೆಕ್ಸ್ ಮಾರ್ಕಪ್’, ಅಂದರೆ ವಿದೇಶಿ ಕರೆನ್ಸಿಯ ಖರ್ಚಿಗೆ ಬ್ಯಾಂಕ್ ಸೇರಿಸುವ ಶುಲ್ಕ. ಬಹಳಷ್ಟು ಸಾಮಾನ್ಯ ಕಾರ್ಡ್‌ಗಳಲ್ಲಿ ಇದು ಶೇ 3.5. ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಶೇ 4.13. ಅಂದರೆ ಒಂದು ಲಕ್ಷ ರೂಪಾಯಿಯ ಖರ್ಚಿಗೆ 4,130 ರೂಪಾಯಿ ಹೆಚ್ಚುವರಿ.

ಪ್ರಿಪೇಯ್ಡ್ ಕಾರ್ಡ್‌ನಲ್ಲಿ ಮಾರ್ಕಪ್ ಎಂಬ ಹೆಸರು ಕಾಣುವುದಿಲ್ಲ. ಹಾಗೆಂದು ಪುಕ್ಕಟೆಯೇನಲ್ಲ. ಬ್ಯಾಂಕ್ ಡಾಲರ್ ಮಾರುವ ದರದಲ್ಲೇ ತನ್ನ ಪಾಲು ಹಿಡಿದಿರುತ್ತದೆ. ಫೋನಿನಲ್ಲಿ ಕಾಣುವ ಮಾರುಕಟ್ಟೆ ದರಕ್ಕಿಂತ ಬ್ಯಾಂಕಿನ ದರ ಶೇ 1.5ರಷ್ಟು ಹೆಚ್ಚಿದೆ ಎಂದುಕೊಳ್ಳಿ. ಒಂದು ಲಕ್ಷಕ್ಕೆ 1,500 ರೂಪಾಯಿ ಅಲ್ಲಿ ಹೋಯಿತು. ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಒಂದು ಲಕ್ಷಕ್ಕೆ 180 ರೂಪಾಯಿ. ಕಾರ್ಡ್ ವಿತರಣೆಗೆ ಒಂದಿಷ್ಟು ಶುಲ್ಕ. ಎಲ್ಲ ಸೇರಿಸಿದರೂ ಸಾಮಾನ್ಯ ಕ್ರೆಡಿಟ್ ಕಾರ್ಡ್‌ನ ಅರ್ಧದ ಆಸುಪಾಸು. ಆದರೆ ಬ್ಯಾಂಕಿನ ದರ ಶೇ 4 ಹೆಚ್ಚಿದ್ದರೆ ಈ ಲಾಭ ಅಲ್ಲಿಗೇ ಮುಗಿಯಿತು. ಆದ್ದರಿಂದ ಕೌಂಟರಿನಲ್ಲಿ ‘ಚಾರ್ಜ್ ಎಷ್ಟು’ ಎಂದು ಕೇಳಬೇಡಿ. ‘ಒಂದು ಸಾವಿರ ಡಾಲರ್ ತುಂಬಿಸಲು ಎಲ್ಲ ಸೇರಿ ನಾನು ಎಷ್ಟು ರೂಪಾಯಿ ಕಟ್ಟಬೇಕು’ ಎಂದು ಕೇಳಿ. ಇದೇ ಪ್ರಶ್ನೆಯನ್ನು ಅದೇ ದಿನ ಮೂರು ಕಡೆ ಕೇಳಿ. ಖಡೇಬಜಾರಿನಲ್ಲಿ ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಲಕ್ಷ ರೂಪಾಯಿಯ ಡಾಲರ್‌ಗೆ ಎರಡನೆಯ ಫೋನ್ ಮಾಡುವುದಿಲ್ಲ.

ಮಾರ್ಕಪ್ ಇಲ್ಲದ ಅಥವಾ ಶೇ 2ರೊಳಗಿನ ಕ್ರೆಡಿಟ್ ಕಾರ್ಡ್‌ಗಳೂ ಇವೆ. ನಿಮ್ಮ ಹತ್ತಿರ ಅಂಥದ್ದಿದ್ದರೆ ಅಂಗಡಿ ಖರ್ಚನ್ನೂ ಧಾರಾಳವಾಗಿ ಅದರಲ್ಲೇ ಮಾಡಿ. ಎಟಿಎಂಗೆ ಮಾತ್ರ ಬೇಡ.

ಯಾವ ಕರೆನ್ಸಿ ತುಂಬಿಸಬೇಕು

ಕ್ಯಾಂಪ್ ಭಾಗದ ಬ್ಯಾಂಕೊಂದರಲ್ಲಿ ಕೇಳಿದ ಮಾತು. ಉಮ್ರಾಕ್ಕೆ ಹೊರಟ ಹಿರಿಯರಿಗೆ ಕೌಂಟರಿನ ಹುಡುಗ ಕೇಳಿದ: “ಚಾಚಾ, ರಿಯಾಲ್ ಹಾಕೂದೇನ್ರಿ, ಡಾಲರ್ ಹಾಕೂದೇನ್ರಿ?”

“ಡಾಲರ್ ಹಾಕಪಾ. ಡಾಲರ್ ಅಂದ್ರ ಎಲ್ಲಾ ಕಡೆ ನಡೀತೈತಿ.”

ನಡೆಯುತ್ತದೆ, ಸುಳ್ಳಲ್ಲ. ಸೌದಿ ರಿಯಾಲ್ ಡಾಲರಿಗೆ ಕಟ್ಟಿಹಾಕಿದ ಕರೆನ್ಸಿ, ಒಂದು ಡಾಲರಿಗೆ 3.75 ರಿಯಾಲ್. ಹೀಗಾಗಿ ಯಾವುದು ಹಾಕಿದರೂ ಒಂದೇ ಅನಿಸುತ್ತದೆ. ಆದರೆ ಕಾರ್ಡ್‌ನಲ್ಲಿ ಡಾಲರ್ ಇದ್ದು ಅಂಗಡಿಯವ ರಿಯಾಲ್ ಕೇಳಿದಾಗ ಬ್ಯಾಂಕ್ ‘ಕ್ರಾಸ್ ಕರೆನ್ಸಿ’ ಶುಲ್ಕ ಹಾಕುತ್ತದೆ. ಇದು ಹಲವು ಕಾರ್ಡ್‌ಗಳಲ್ಲಿ ಶೇ 3ರಿಂದ 3.5. ಖರ್ಜೂರ ಕೊಂಡರೂ ಬಿತ್ತು, ಟ್ಯಾಕ್ಸಿ ಹಿಡಿದರೂ ಬಿತ್ತು. ಪ್ರಿಪೇಯ್ಡ್ ಕಾರ್ಡ್ ಮಾಡಿಸಿದ ಉದ್ದೇಶವೇ ಅಲ್ಲಿಗೆ ಹಾಳು.

ಹೋಗುವ ದೇಶದ ಕರೆನ್ಸಿಯನ್ನೇ ತುಂಬಿಸಿ. ಯುಎಇಗೆ ದಿರ್ಹಾಮ್, ಜರ್ಮನಿ–ಫ್ರಾನ್ಸ್‌ಗೆ ಯೂರೋ, ಬ್ರಿಟನ್ನಿಗೆ ಪೌಂಡ್. ಮಲ್ಟಿ ಕರೆನ್ಸಿ ಕಾರ್ಡ್ ಆದರೆ ಒಂದರಲ್ಲೇ ಬೇರೆ ಬೇರೆ ಪರ್ಸ್ ಇದ್ದಂತೆ ಇರುತ್ತವೆ. ಹೋಗುವ ದೇಶದ ಕರೆನ್ಸಿ ಕಾರ್ಡ್‌ನಲ್ಲಿ ಇಲ್ಲದಿದ್ದರೆ, ಸ್ವಲ್ಪ ಡಾಲರ್ ತುಂಬಿಸಿ, ಉಳಿದದ್ದಕ್ಕೆ ಕಡಿಮೆ ಮಾರ್ಕಪ್‌ನ ಕ್ರೆಡಿಟ್ ಕಾರ್ಡ್ ಬಳಸುವುದೇ ಲೇಸು. ನೇಪಾಳ, ಭೂತಾನಕ್ಕೆ ಹೊರಟವರು ಫಾರೆಕ್ಸ್ ಕಾರ್ಡ್ ಮಾಡಿಸಲೇಬೇಡಿ. ಅದು ಭಾರತದಲ್ಲಿ ನಡೆಯದ ಹಾಗೆ ಅಲ್ಲೂ ನಡೆಯುವುದಿಲ್ಲ.

ಮಾಡಿಸುವುದು ಎಲ್ಲಿ, ಹೇಗೆ

ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ವೀಸಾ, ಟಿಕೆಟ್ ಪ್ರತಿ ಕೈಯಲ್ಲಿರಲಿ. ಎ2 ಎಂಬ ಅರ್ಜಿ ತುಂಬಬೇಕಾಗುತ್ತದೆ. ಎಲ್ಲ ಶಾಖೆಗಳಲ್ಲೂ ವಿದೇಶಿ ವಿನಿಮಯದ ವ್ಯವಹಾರ ಇರುವುದಿಲ್ಲ. ಅಥಣಿ, ಗೋಕಾಕ, ರಾಮದುರ್ಗದಂಥ ಊರಿನವರು ಶಾಖೆಗೆ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಅರ್ಜಿ ಬೇರೆ ಊರಿನ ಶಾಖೆಗೆ ಹೋಗಿ ಬರಬೇಕಾದರೆ ದಿನಗಳು ಹಿಡಿಯುತ್ತವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಮನಿ ಚೇಂಜರ್ ಹತ್ತಿರವೂ ಕಾರ್ಡ್ ಸಿಗುತ್ತದೆ. ರಸೀದಿ ಬೇಡವೆಂದರೆ ಇನ್ನೂ ಅಗ್ಗ ಎನ್ನುವವರ ಕಡೆ ತಿರುಗಿಯೂ ನೋಡಬೇಡಿ. 50,000 ರೂಪಾಯಿ ಮೀರಿದರೆ ನಗದು ಕೊಟ್ಟು ವಿದೇಶಿ ಕರೆನ್ಸಿ ಕೊಳ್ಳುವಂತಿಲ್ಲ. ಚೆಕ್ ಇಲ್ಲವೇ ಖಾತೆಯಿಂದ ವರ್ಗಾವಣೆಯೇ ಆಗಬೇಕು.

ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ನೇರ ವಿದೇಶ ವಿಮಾನವಿಲ್ಲ. ಹೇಗಿದ್ದರೂ ಬೆಂಗಳೂರು, ಮುಂಬೈಯಂಥ ಊರು ದಾಟಲೇಬೇಕು. ಅಲ್ಲಿನ ಏರ್‌ಪೋರ್ಟ್ ಕೌಂಟರಿನಲ್ಲಿ ಮಾಡಿಸಿದರಾಯಿತು ಎಂದು ಬಿಡಬೇಡಿ. ಆ ಕೌಂಟರುಗಳ ದರ ಸಾಮಾನ್ಯವಾಗಿ ಪೇಟೆಗಿಂತ ತುಟ್ಟಿ, ಮೇಲಾಗಿ ಚೌಕಾಸಿಗೆ ನಿಮಗೆ ಪುರುಸೊತ್ತೂ ಇರುವುದಿಲ್ಲ.

ಇನ್ನು ತೆರಿಗೆ. ಪ್ರಿಪೇಯ್ಡ್ ಕಾರ್ಡ್‌ಗೆ ತುಂಬಿಸಿದ ರೊಕ್ಕ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ನಾವು ವಿದೇಶಕ್ಕೆ ರೊಕ್ಕ ಒಯ್ಯುವ, ಕಳಿಸುವ) ಯೋಜನೆಯಡಿ ಬರುತ್ತದೆ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್, ಅಂದರೆ ರೊಕ್ಕ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಇಲ್ಲ. ಹೆಚ್ಚಿನ ಪ್ರವಾಸಿಗರು ಅಲ್ಲಿಯ ತನಕ ಹೋಗುವುದೇ ಇಲ್ಲ. ವಿದೇಶದಲ್ಲಿ ನಿಂತು ಉಜ್ಜುವ ಕ್ರೆಡಿಟ್ ಕಾರ್ಡ್ ಖರ್ಚನ್ನೂ ಎಲ್‌ಆರ್‌ಎಸ್ ಅಡಿ ತರಲು 2023ರ ಮೇನಲ್ಲಿ ಸರ್ಕಾರ ಹೊರಟಿತ್ತು. ಗದ್ದಲವಾದ ಮೇಲೆ ಜೂನ್ ಕೊನೆಗೆ ಅದನ್ನು ಮುಂದೂಡಿತು. ಟ್ರಾವೆಲ್ಸ್‌ನವರಿಂದ ಕೊಳ್ಳುವ ಟೂರ್ ಪ್ಯಾಕೇಜಿನ ಲೆಕ್ಕ ಬೇರೆ. ಅಲ್ಲಿ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇದೆ.

ಹೊರಡುವ ವಾರ

2020ರಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ಚಾಲೂ ಇರುತ್ತವೆ. ಕ್ರೆಡಿಟ್ ಕಾರ್ಡ್‌ನ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಅಂಗಡಿ, ಎಟಿಎಂ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಎಂದು ನಾಲ್ಕು ಗುಂಡಿ ಕಾಣುತ್ತವೆ. ಅಂಗಡಿಯದ್ದನ್ನು ತೆರೆಯಿರಿ, ಎಟಿಎಂ ಮುಚ್ಚಿಯೇ ಇರಲಿ. ಆನ್‌ಲೈನ್ ಬೇಕಾದಾಗ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಿ. ವಿದೇಶಿ ವೆಬ್‌ಸೈಟುಗಳು ಎಷ್ಟೋ ಸಲ ಓಟಿಪಿ ಕೇಳದೆಯೇ ರೊಕ್ಕ ಎಳೆದುಕೊಳ್ಳುತ್ತವೆ. ಪ್ರತಿಯೊಂದಕ್ಕೂ ಮಿತಿ ಹಾಕುವ ಅವಕಾಶವೂ ಅಲ್ಲೇ ಇದೆ.

ಎರಡೂ ಕಾರ್ಡ್‌ನ ಪಿನ್ ಒಮ್ಮೆ ಪರೀಕ್ಷಿಸಿಕೊಳ್ಳಿ. ಊರಿನ ಸಿಮ್‌ಗೆ ರೋಮಿಂಗ್ ಚಾಲೂ ಮಾಡಿಸಿ. ಕಾರ್ಡ್‌ಗೆ ಮತ್ತೆ ರೊಕ್ಕ ತುಂಬಿಸಲು ಓಟಿಪಿ ಬರುವುದು ಅದಕ್ಕೇ. ಟೋಲ್ ಫ್ರೀ ನಂಬರುಗಳು ಹೊರದೇಶದಿಂದ ಹತ್ತುವುದಿಲ್ಲ. +91ರಿಂದ ಶುರುವಾಗುವ ಬ್ಯಾಂಕಿನ ನಂಬರನ್ನು ಫೋನಿನಲ್ಲೂ ಇಡಿ, ಒಂದು ಚೀಟಿಯಲ್ಲೂ ಬರೆದುಕೊಳ್ಳಿ. ಫಾರೆಕ್ಸ್ ಕಾರ್ಡ್‌ನ ಲಕೋಟೆಯಲ್ಲಿ ಕೆಲವು ಬ್ಯಾಂಕ್‌ಗಳು ಎರಡು ಕಾರ್ಡ್ ಇಟ್ಟಿರುತ್ತವೆ. ಮೊದಲನೆಯದು ಕಳೆದರೆ ಬಳಸಲೆಂದು ಎರಡನೆಯದು. ಅದನ್ನು ಬೇರೆ ಚೀಲದಲ್ಲಿಡಿ, ಒಂದೇ ಪರ್ಸಿನಲ್ಲಿ ಎರಡನ್ನೂ ಒಯ್ದರೆ ಇದ್ದೂ ಇಲ್ಲದಂತೆ.

ಮಷಿನ್ ಮುಂದೆ

ರೊಕ್ಕ ಹೋಗುವ ಮುಖ್ಯ ಜಾಗ ಇದು. ದುಬೈಯ ಹೋಟೆಲಿನಲ್ಲಿ ಊಟ ಮುಗಿಸಿ ಕಾರ್ಡ್ ಕೊಟ್ಟಿರಿ. ಸಪ್ಲಾಯರ್ ಮಷಿನ್ ಹಿಡಿದುಕೊಂಡು ಬರುತ್ತಾನೆ. ಪರದೆಯ ಮೇಲೆ ಎರಡು ಸಾಲು. ಒಂದರಲ್ಲಿ ದಿರ್ಹಾಮ್ ಮೊತ್ತ, ಇನ್ನೊಂದರಲ್ಲಿ ಅದೇ ಬಿಲ್ಲು ರೂಪಾಯಿಯಲ್ಲಿ. ಪರದೇಶದಲ್ಲಿ ನಮ್ಮ ರೂಪಾಯಿ ಕಂಡ ಖುಷಿಗೆ ಬೆರಳು ಅತ್ತಲೇ ಹೋಗುತ್ತದೆ. ಎಷ್ಟಾಯಿತೆಂದು ಕೂಡಲೇ ಗೊತ್ತಾಗುತ್ತದಲ್ಲ ಎಂಬ ಸಮಾಧಾನ ಬೇರೆ.

ಆ ರೂಪಾಯಿ ದರ ನಿಮ್ಮ ಬ್ಯಾಂಕಿನದಲ್ಲ. ಅಂಗಡಿಯ ಕಡೆಯ ಬ್ಯಾಂಕ್ ತನ್ನ ಲಾಭ ಸೇರಿಸಿ ನಿಗದಿ ಮಾಡಿದ ದರ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಡಿಸಿಸಿ ಎನ್ನುತ್ತಾರೆ. ಕ್ರೆಡಿಟ್ ಕಾರ್ಡ್‌ನಲ್ಲಿ ರೂಪಾಯಿ ಒತ್ತಿದರೆ ತುಟ್ಟಿ ದರವೂ ಬೀಳುತ್ತದೆ, ಹೊರದೇಶದ ವ್ಯವಹಾರ ಎಂಬ ಕಾರಣಕ್ಕೆ ಕೆಲವು ಬ್ಯಾಂಕ್‌ಗಳು ಮೇಲೊಂದು ಶುಲ್ಕವನ್ನೂ ಹಾಕುತ್ತವೆ. ಪ್ರಿಪೇಯ್ಡ್ ಕಾರ್ಡ್‌ನಲ್ಲಿ ಒತ್ತಿದರೆ ಪರಿಸ್ಥಿತಿ ಇನ್ನೂ ವಿಚಿತ್ರ. ಕಾರ್ಡ್‌ನಲ್ಲಿ ದಿರ್ಹಾಮ್ ಇದೆ, ಬಿಲ್ಲೂ ದಿರ್ಹಾಮ್. ನಡುವೆ ಅದು ರೂಪಾಯಿಯಾಗಿ, ಮತ್ತೆ ದಿರ್ಹಾಮ್ ಆಗಿ ಎರಡು ಸಲ ಮಗ್ಗಲು ಬದಲಿಸುತ್ತದೆ. ಎರಡೂ ಸಲ ನಷ್ಟ ನಿಮ್ಮದೇ.

ಮಷಿನ್ ನೀವೇ ಕೈಗೆ ತೆಗೆದುಕೊಂಡು ಸ್ಥಳೀಯ ಕರೆನ್ಸಿ ಒತ್ತಿ. ಕಾರ್ಡ್ ಕೊಡುವಾಗಲೇ “ಲೋಕಲ್ ಕರೆನ್ಸಿ ಪ್ಲೀಸ್” ಎಂದುಬಿಡಿ. ಸಪ್ಲಾಯರ್ ತಾನೇ ರೂಪಾಯಿ ಒತ್ತಿದ್ದರೆ ಸಂಕೋಚ ಬೇಡ, ರದ್ದು ಮಾಡಿ ಮತ್ತೆ ಹಾಕಲು ಹೇಳಿ. ಎಟಿಎಂನಲ್ಲಿ ಇದೇ ಪ್ರಶ್ನೆ ಹೆದರಿಸುವ ಧಾಟಿಯಲ್ಲಿ ಬರುತ್ತದೆ: ‘ಕನ್ವರ್ಷನ್ ಒಪ್ಪುತ್ತೀರೋ, ನಿರಾಕರಿಸುತ್ತೀರೋ?’ ನಿರಾಕರಿಸಿದರೆ ರೊಕ್ಕವೇ ಬರಲಿಕ್ಕಿಲ್ಲ ಎಂದು ಅಂಜಿ ಒಪ್ಪಿಬಿಡುತ್ತಾರೆ. ನಿರಾಕರಿಸಿ. ರೊಕ್ಕ ಬಂದೇ ಬರುತ್ತದೆ, ನಿಮ್ಮ ಕಾರ್ಡ್‌ನ ದರದಲ್ಲೇ ಬರುತ್ತದೆ.

ಎಟಿಎಂಗೆ ಪ್ರಿಪೇಯ್ಡ್ ಕಾರ್ಡ್ ಮಾತ್ರ ಎಂದಿದ್ದಕ್ಕೆ ಕಾರಣ ಇದೆ. ಅದರಲ್ಲಿ ಒಂದು ಸಲಕ್ಕೆ ಸುಮಾರು 2 ಡಾಲರ್ ಶುಲ್ಕ, ಎಟಿಎಂನವರದು ಇದ್ದರೆ ಅದು ಬೇರೆ. ಆದ್ದರಿಂದ ನಾಲ್ಕು ಸಲ ತೆಗೆಯುವುದನ್ನು ಒಂದೇ ಸಲ ತೆಗೆಯಿರಿ. ಕ್ರೆಡಿಟ್ ಕಾರ್ಡ್‌ನಲ್ಲಿ ನಗದು ತೆಗೆದರೆ ಶುಲ್ಕ, ಮಾರ್ಕಪ್ ಎರಡೂ ಬೀಳುತ್ತವೆ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ನಗದಿಗೆ ಇಲ್ಲ.

ಡಿಪಾಸಿಟ್ ಕೇಳಿದಾಗ

ಹೋಟೆಲಿಗೆ ಹೋದ ಕೂಡಲೇ ರಿಸೆಪ್ಷನ್‌ನಲ್ಲಿ ಕಾರ್ಡ್ ಕೇಳುತ್ತಾರೆ. ಕೋಣೆ ಬಾಡಿಗೆ ಕಟ್ಟಿಯಾಗಿದೆಯಲ್ಲ ಎಂದರೂ ಬಿಡುವುದಿಲ್ಲ. ಅದು ಭದ್ರತಾ ಠೇವಣಿ. ಮೊತ್ತ ತೆಗೆದುಕೊಳ್ಳುವುದಿಲ್ಲ, ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ನಿಮ್ಮ ಮಿತಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಪ್ರಿಪೇಯ್ಡ್ ಕೊಟ್ಟರೆ ಊಟ-ತಿಂಡಿಗೆಂದು ತುಂಬಿಸಿದ ನಿಜವಾದ ರೊಕ್ಕವೇ ಸಿಕ್ಕಿಬೀಳುತ್ತದೆ. ನೀವು ಕೋಣೆ ಬಿಟ್ಟ ಮೇಲೂ ಬಿಡುಗಡೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ.

ಬಾಡಿಗೆ ಕಾರಿನವರು ಬಹುತೇಕ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಅಳಿಯ ಗಾಡಿ ಓಡಿಸಿ ಮಾವನ ಕಾರ್ಡ್ ಕೊಟ್ಟರೆ ಒಪ್ಪುವುದಿಲ್ಲ. ಅಮೆರಿಕದ ಪೆಟ್ರೋಲ್ ಪಂಪಿನ ಮಷಿನ್ ಪಿನ್ ಕೋಡ್‌ನಂಥ ಜಿಪ್ ಕೋಡ್ ಕೇಳುತ್ತದೆ. 590ರಿಂದ ಶುರುವಾಗುವ ನಮ್ಮ ಪಿನ್ ಕೋಡ್ ಆರು ಅಂಕಿಯದು, ಅದಕ್ಕೆ ಬೇಕಾದ್ದು ಐದು. ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ಕಟ್ಟಿಬಿಡಿ.

ಕಿಸೆಯಲ್ಲಿ ಒಂದಿಷ್ಟು ನಗದು

ಜರ್ಮನಿಯ ಸಣ್ಣ ಬೇಕರಿಗಳಲ್ಲಿ ಈಗಲೂ ನಗದು ಕೇಳುವುದುಂಟು. ಪ್ರವಾಸಕ್ಕೆ ಒಬ್ಬರು 3,000 ಡಾಲರ್‌ವರೆಗಿನ ನೋಟು ಒಯ್ಯಬಹುದು. ಹಜ್, ಉಮ್ರಾ ಯಾತ್ರಿಕರಿಗೆ ಈ ಮಿತಿಯಲ್ಲಿ ಸಡಿಲಿಕೆ ಇದೆ. ಇಳಿದ ಮೇಲಿನ ಮೊದಲ ಎರಡು ದಿನಕ್ಕೆ ಸಾಕಾಗುವಷ್ಟಿದ್ದರೆ ಸಾಕು. ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್‌ನಂಥ ಕಡೆ ಆಯ್ದ ಅಂಗಡಿಗಳಲ್ಲಿ ಯುಪಿಐ ಕೂಡ ನಡೆಯುತ್ತದೆ. ಆದರೆ ಅದನ್ನೇ ನೆಚ್ಚಿ ಹೊರಡುವಷ್ಟು ಹರಡಿಲ್ಲ.

ಕಾರ್ಡ್ ಕಳೆದರೆ

ಮೊದಲು ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದು ಎಂಬುದು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಪಿನ್ ಬರೆದ ಚೀಟಿಯನ್ನು ಕಾರ್ಡ್‌ನ ಜೊತೆಗೇ ಇಟ್ಟಿದ್ದರೆ ಆ ರಕ್ಷಣೆ ಸಿಗುವುದಿಲ್ಲ.

ತಿರುಗಿ ಬಂದ ಮೇಲೆ

ಅಂತರರಾಷ್ಟ್ರೀಯ ಬಳಕೆಯನ್ನು ಮತ್ತೆ ಮುಚ್ಚಿ. ಮುಂದಿನ ಎರಡು ಬಿಲ್ಲುಗಳನ್ನು ಸಾಲು ಸಾಲಾಗಿ ಓದಿ. ಬಾಡಿಗೆ ಕಾರಿನ ಟೋಲ್, ಟ್ರಾಫಿಕ್ ದಂಡ ವಾರಗಳ ನಂತರವೂ ಬಂದು ಬೀಳುತ್ತವೆ. ಪ್ರಿಪೇಯ್ಡ್ ಕಾರ್ಡ್‌ನಲ್ಲಿ ಉಳಿದ ರೊಕ್ಕವನ್ನು ವಾಪಸ್ ಪಡೆಯುವಾಗ ಬ್ಯಾಂಕ್ ಕೊಡುವುದು ಖರೀದಿ ದರ, ನೀವು ಕೊಟ್ಟಿದ್ದಕ್ಕಿಂತ ಕಡಿಮೆ. ಹಾಗಾಗಿ ಒಮ್ಮೆಗೇ ಬಹಳ ತುಂಬಿಸದೆ, ಕಡಿಮೆ ಬಿದ್ದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಮತ್ತೆ ತುಂಬಿಸುವುದೇ ಜಾಣತನ. ಬಳಸದೆ ಉಳಿದ ವಿದೇಶಿ ವಿನಿಮಯವನ್ನು ಬಂದ 180 ದಿನಗಳೊಳಗೆ ಒಪ್ಪಿಸಬೇಕು. 2,000 ಡಾಲರ್‌ವರೆಗಿನ ನೋಟುಗಳನ್ನು ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಟಿಸಿಎಸ್ ಕಡಿತವಾಗಿದ್ದರೆ ಅದು ನಿಮ್ಮ ಪ್ಯಾನ್‌ನ ತೆರಿಗೆ ಲೆಕ್ಕದ ಪಟ್ಟಿಯಲ್ಲಿ ಕಾಣುತ್ತದೆ. ರಿಟರ್ನ್ಸ್ ತುಂಬುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸ್ ಕೇಳಬಹುದು. ಕಾರ್ಡ್ ತುಂಬಿಸಿದ ರಸೀದಿಗಳನ್ನು ಅಲ್ಲಿಯವರೆಗೆ ಫೈಲಿನಲ್ಲಿಟ್ಟಿರಿ.